ಬರೆಯಬೇಡ ಎನ್ನುತ್ತಿದ್ದ ಅಮೀನ ಸಾಹೇಬರು

ಮೊಳಕಾಲ ತನಕ ಮಡಚಿದ ಖಾಕಿ ಪ್ಯಾಂಟು, ತಲೆಯ ಮೇಲೆ ನೆಟ್ಟಗೆ ಕೂತ ಟೋಪಿ, ಲೇಸಿಗೆ ಲೇಸು ಗಂಟು ಹಾಕಿ ಹೆಗಲಿಗೆ ಇಳಿಬಿಟ್ಟ ಬೂಟುಗಳು, ಬರಿಗಾಲಿಗೆ ಮೆತ್ತಿದ ಕಪ್ಪು ಕೆಸರು. ನಮ್ಮ ಸಾಹೇಬರನ್ನು ನೆನೆದಾಗ ನನಗೆ ಮೊದಲು ಕಾಣುವುದು ಇದೇ. ಸರಕಾರಿ ಕಾಗದದಲ್ಲಿ ಅವರು ಸಬ್ ಇನ್ಸ್‌ಪೆಕ್ಟರ್. ನಿಜಾಮರ ಆಳ್ವಿಕೆ ಮುಗಿದು ಎಷ್ಟೋ ವರ್ಷವಾಗಿದ್ದರೂ ಗಂಗಾವತಿ ಕಡೆಯ ಹಳಬರ ಬಾಯಲ್ಲಿ ಮಾತ್ರ ಅಮೀನ ಸಾಹೇಬರು. ನಾನು ಅವರ ಠಾಣೆಯ ರೈಟರ್, ಅಂದರೆ ಫಿರ್ಯಾದಿ, ಪಂಚನಾಮೆ ಎಲ್ಲ ಬರೆಯುವ ಪೇದೆ. ಅವರ ನೌಕರಿಯ ಕೊನೆಯ ಕೆಲವು ವರ್ಷ ಎದುರಿನ ಮೇಜಿಗೆ ಕೂತೆ. ಬರೆಯುವುದೇ ಕಸುಬಾದವನಿಗೆ ದಿನಾ ಬರೆಯಬೇಡ ಎನ್ನುವ ಸಾಹೇಬರು ಗಂಟು ಬಿದ್ದರೆ ಅವನ ಗತಿ ಏನಾಗಬೇಕು, ನೀವೇ ಹೇಳಿ.

ಕಾಲುವೆ ಬಂದ ಮೇಲೆ ನಮ್ಮ ಠಾಣೆಯಿದ್ದ ಸಿದ್ದಾಪುರದ ಸುತ್ತ ಭತ್ತವೂ ಬೆಳೆಯಿತು, ಜಗಳವೂ ಬೆಳೆಯಿತು. ಯಾರ ಪಾಳಿಯ ನೀರನ್ನು ಯಾರು ತಿರುಗಿಸಿಕೊಂಡರು ಎಂದು ಗುದ್ದಲಿ ಹಿಡಿದೇ ಠಾಣೆಗೆ ಬರುತ್ತಿದ್ದರು. ನಾನು ಪುಸ್ತಕ ತೆರೆದು ಪೆನ್ನಿನ ಟೋಪಿ ತೆಗೆಯುವಷ್ಟರಲ್ಲಿ ಸಾಹೇಬರು, "ರೈಟರ, ಮುಚ್ಚು ಅದನ್ನ" ಎಂದು ಎದ್ದೇಬಿಡುತ್ತಿದ್ದರು. ಇಬ್ಬರನ್ನೂ ಜೀಪಿನಲ್ಲಿ ಹಾಕಿಕೊಂಡು ಅದೇ ಹೊಲಕ್ಕೆ ಹೋಗುವುದು, ಬೂಟು ಕಳಚುವುದು, ಅವರ ಜೊತೆ ತಾವೂ ಕಾಲುವೆಗೆ ಇಳಿಯುವುದು. ನೀರಿನಲ್ಲಿ ಕೈ ಮುಳುಗಿಸಿ ಇಬ್ಬರೂ ಪಾಳಿ ಹೇಳಬೇಕು. ಊರಿನ ನಾಲ್ಕು ಜನ ಕೇಳಬೇಕು. ಅಲ್ಲಿಗೆ ರಾಜಿ. ತಳಕಲ್ಲಿನ ಒಣಭೂಮಿಯಲ್ಲಿ ಹುಟ್ಟಿದ ಮನುಷ್ಯ. ನೀರು ಮುಟ್ಟಿ ಯಾರಾದರೂ ಸುಳ್ಳು ಹೇಳಿಯಾರು ಎಂಬುದು ಅವರ ತಲೆಗೇ ಹೋಗುತ್ತಿರಲಿಲ್ಲ.

"ಒಂದು ಮುಚ್ಚಳಿಕೆನಾರ ಬರಿಸ್ಕೊಳ್ಳೂಣ್ರಿ" ಎಂದು ನಾನು ಎಷ್ಟು ಸಲ ಗೋಗರೆದಿದ್ದೇನೋ.

"ಕಾಗದಕ್ಕ ಹೋದ ಜಗಳ ತಿರುಗಿ ಮನಿಗೆ ಬರೂದಿಲ್ಲೋ ರೈಟರ. ಕೋರ್ಟಿನಾಗ ಮುದುಕಾಗ್ತೈತಿ."

ಕೇಳಲಿಕ್ಕೆ ಛಲೋ ಮಾತು. ಆದರೆ ವರ್ಷದ ತಪಾಸಣೆಗೆ ರಾಯಚೂರಿನಿಂದ ಬಂದ ದೊಡ್ಡ ಅಧಿಕಾರಿಗೆ ಮಾತು ಕಾಣುತ್ತದೆಯೇ? ಅವರಿಗೆ ಕಂಡದ್ದು ಖಾಲಿ ಪುಟಗಳು. "ಈ ಠಾಣೆಯಲ್ಲಿ ಎಲ್ಲರೂ ಮಲಗಿರುತ್ತೀರೇನು?" ಎಂದು ನಮ್ಮೆಲ್ಲರ ಎದುರಿಗೆ ಝಾಡಿಸಿದರು. ಸಾಹೇಬರು ಸೆಟೆದು ನಿಂತು, "ಇಲ್ಲ ಸರ್" ಎಂದರು, ಅಷ್ಟೇ. ಹಿಂದಿನ ದಿನವಷ್ಟೇ ನವಲಿಯಲ್ಲಿ ಎರಡು ಕೇರಿಗಳು ಕೈಕೈ ಮಿಲಾಯಿಸುವುದನ್ನು ತಡೆದು ಬಂದಿದ್ದರು. ಅದನ್ನಾದರೂ ಹೇಳಬಾರದೇ! ಆ ಸಲವೂ ಬಡ್ತಿ ತಪ್ಪಿತು. ಅವರಿಗಿಂತ ಚಿಕ್ಕವರು ಇನ್ಸ್‌ಪೆಕ್ಟರಾಗಿ ಹೋದರು. ಇವರು ನಕ್ಕರು. ಸಿಟ್ಟು ಬಂದದ್ದು ನನಗೆ.

ಅವರ ರಾಜಿಗಳಲ್ಲಿ ಒಂದು, ಕಾಲುವೆಯ ಕೊನೆಗೆ ಗದ್ದೆಯಿದ್ದ ಒಬ್ಬ ಹೆಣ್ಣುಮಗಳದು. ಗಂಡ ತೀರಿದ ಮೇಲೆ ಒಬ್ಬಳೇ ಸಾಗುವಳಿ ಮಾಡುತ್ತಿದ್ದಳು. ಮೇಲಿನ ಗದ್ದೆಯ ಗೌಡರು ಆಕೆಯ ಪಾಳಿಯ ದಿನವೇ ತೂಬಿಗೆ ಮಣ್ಣು ಮೆತ್ತಿಸುತ್ತಿದ್ದರು. ಸಾಹೇಬರು ಗೌಡರ ಕೈಯನ್ನೂ ನೀರಿನಲ್ಲಿ ಮುಳುಗಿಸಿದರು. ಗುರುವಾರ ಇಡೀ ದಿನ ನೀರು ಆಕೆಗೆ ಎಂದಾಯಿತು. ಮುಂದೆ ಮೂರು ವರ್ಷ ಆ ಗದ್ದೆಗೆ ನೀರು ತಪ್ಪಲಿಲ್ಲ. ಆದರೆ ಅದಕ್ಕೆ ಕಾರಣ ನೀರಿನ ಆಣೆಯಲ್ಲ, ಗುರುವಾರ ಆ ಹಾದಿ ಹಿಡಿಯುತ್ತಿದ್ದ ಜೀಪು ಎಂಬುದು ನನಗೆ ಗೊತ್ತಿತ್ತು.

ಎಂಬತ್ತರ ದಶಕದ ನಡುವೆ ಅವರು ನಿವೃತ್ತರಾದರು. ಊರವರು ಒಂದು ಸಮಿತಿ ಮಾಡಿಕೊಂಡು, ಸಾಲಿ ಮಕ್ಕಳು ಆಡುವ ಬಯಲಿನಲ್ಲಿ ಪೆಂಡಾಲು ಹಾಕಿ ಸತ್ಕಾರ ಏರ್ಪಡಿಸಿದರು. ಮಾನಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೂರು ದಿನ ಕೂತೆ. ಹಿಡಿದ ಕಳ್ಳರೆಷ್ಟು, ಭೇದಿಸಿದ ಪ್ರಕರಣವೆಷ್ಟು ಎಂದು ಸಮಿತಿಯವರು ಕೇಳಿದರೆ ಎಲ್ಲಿಂದ ತರಲಿ? ಕೊನೆಗೆ ದಕ್ಷ, ಪ್ರಾಮಾಣಿಕ, ಜನಾನುರಾಗಿ ಎಂದು ಎಲ್ಲರಿಗೂ ಬರೆಯುವುದನ್ನೇ ದಪ್ಪ ಹಾಳೆಯ ಮೇಲೆ ಬಣ್ಣದ ಶಾಯಿಯಲ್ಲಿ ಬರೆದೆ. ಸಮಿತಿಯ ಮುಂದಾಳು ಯಾರು ಅಂದುಕೊಂಡಿರಿ? ಅದೇ ಗೌಡರು. ಎಲ್ಲರಿಗಿಂತ ದೊಡ್ಡ ಹಾರ ಅವರದೇ.

ನಾನು ಮಾನಪತ್ರ ಓದಿ ಮುಗಿಸಿ, ಸಾಹೇಬರ ಕೈಗೆ ಕೊಟ್ಟು, ಜನ ಚಪ್ಪಾಳೆ ತಟ್ಟುತ್ತಿದ್ದಾಗ ಹೆಂಗಸರ ಕಡೆಯಿಂದ ಆಕೆ ಎದ್ದು ನಿಂತಳು.

"ಸಾಹೇಬ್ರ, ಈ ಗುರುವಾರ ನೀರು ಬರಲಿಲ್ರಿ. ಕೇಳಾಕ ಹೋದ್ರ, ನಿಮ್ಮ ಅಮೀನ ಮನಿಗಿ ಹೊಂಟಾನ, ಆತನ ಕೂಡ ಆತನ ಮಾತೂ ಹೋತು ಅಂದ್ರು. ನಾಳಿಂದ ನಾ ಯಾರನ್ನ ಕೇಳ್ಲಿ?"

ಗೌಡರು ಶಾಲು ಸರಿಮಾಡಿಕೊಳ್ಳತೊಡಗಿದರು. ಸಾಹೇಬರ ಮುಖದ ಕಳೆ ಇಳಿದುಹೋಯಿತು. ಅಷ್ಟು ವರ್ಷದಲ್ಲಿ ನಾನು ಅವರನ್ನು ಹಾಗೆ ಕಂಡಿರಲಿಲ್ಲ. ಕೊರಳಿನ ಹಾರಗಳನ್ನು ಒಂದೊಂದಾಗಿ ತೆಗೆದಿಟ್ಟು ನನ್ನ ಕಡೆ ತಿರುಗಿದರು.

"ನಿನ್ನ ಮಾತು ಕೇಳಬೇಕಾಗಿತ್ತೋ ರೈಟರ. ತಪ್ಪಾತು. ಬರಿ ಈಗ."

"ಕಾಗದ ತಂದಿಲ್ರಿ ಸಾಹೇಬ್ರ."

ಅವರು ಮಾನಪತ್ರವನ್ನು ಬೋರಲು ಮಾಡಿ ಮೇಜಿನ ಮೇಲೆ ಹರವಿದರು. "ಹಿಂದ ಖಾಲಿ ಐತಿ. ಇದರ ಮ್ಯಾಲ ಬರಿ."

"ಸಾಹೇಬ್ರ, ಮಾನಪತ್ರರಿ ಇದು!"

"ಗೊತ್ತೈತಿ. ಬರಿ."

ನನಗೆ ಅಳು ಬಂತೋ ಸಿಟ್ಟು ಬಂತೋ ತಿಳಿಯದು. ಗುರುವಾರ ಇಡೀ ದಿನ ನೀರು ಆಕೆಗೇ ಎಂದು ಬರೆದೆ. ಗೌಡರು ಅಷ್ಟು ಜನರ ಎದುರಿಗೆ ಒಲ್ಲೆ ಎನ್ನಲಾರದೆ ಸಹಿ ಹಾಕಿದರು. ವೇದಿಕೆಯ ಮೇಲಿನ ದೊಡ್ಡವರೆಲ್ಲ ಸಾಕ್ಷಿ ಹಾಕಿದರು. ಸಾಹೇಬರು ಹಾಳೆಯನ್ನು ಸುರುಳಿ ಸುತ್ತಿ ಆಕೆಗೆ ಕೊಟ್ಟು, "ಹುಷಾರಿಲೆ ಇಟ್ಕೋ ಯವ್ವಾ" ಎಂದರು. ಶಾಲನ್ನು ಕುರ್ಚಿಯ ಮೇಲೆಯೇ ಮರೆತು ತಳಕಲ್ಲಿನ ಬಸ್ಸು ಹತ್ತಿದರು.

ಆಕೆಯ ನೀರು ಉಳಿಯಿತು. ಉಳಿದವರದು? ಬಾಯಿಮಾತಿನ ರಾಜಿಗಳೆಲ್ಲ ಸಾಹೇಬರ ಹಿಂದೆಯೇ ಬಸ್ಸು ಹತ್ತಿದವು. ಎರಡು ಸುಗ್ಗಿ ಕಳೆಯುವಷ್ಟರಲ್ಲಿ ಹಳೆಯ ಜಗಳಗಳು ಒಡೆದ ತಲೆಗಳ ಸಮೇತ ನನ್ನ ಮೇಜಿಗೆ ಮರಳಿದವು. "ಅಮೀನ ಸಾಹೇಬ್ರು ಹಿಂಗ ಹೇಳಿದ್ರಿ" ಎಂದು ಬಡವರು ಕೈಮುಗಿದರೆ, ಹೊಸ ಅಧಿಕಾರಿಗಳು "ಎಲ್ಲೈತಿ, ತೋರ್ಸು" ಎನ್ನುತ್ತಿದ್ದರು. ಸಾಹೇಬರ ಮೇಲೆ ನನಗೆ ಸಿಟ್ಟು ಉಕ್ಕುತ್ತಿತ್ತು. ಅಂಥ ಮನುಷ್ಯ ಇನ್ನೊಬ್ಬ ಸಿಗಲಿಲ್ಲವಲ್ಲ ಎಂದು ಅದಕ್ಕಿಂತ ಹೆಚ್ಚು ಸಿಟ್ಟು. ಅಲ್ಲಿಂದ ಮುಂದೆ ನಾನು ಮೊದಲು ಹೊಲಕ್ಕೆ ಹೋಗಿ ಕಾಲುವೆಗೆ ಇಳಿಯುತ್ತಿದ್ದೆ, ಆಮೇಲೆ ಏರಿಯ ಮೇಲೆಯೇ ಕೂತು ಬರೆದುಕೊಳ್ಳುತ್ತಿದ್ದೆ. ಇಳಿಯುವುದನ್ನು ಕಲಿಸಿದವರು ಅವರೇ.

ಅವರು ತೀರಿಕೊಂಡ ಸುದ್ದಿ ಒಂದು ಮುಂಜಾನೆ ಬಂತು. ಠಾಣೆಯಿಂದ ನಾಲ್ಕು ಜನ ಹೋಗಿ ಸಲ್ಯೂಟ್ ಹೊಡೆದು ಬರೋಣ, ಜೀಪು ಕೊಡಿ ಎಂದು ಆಗಿನ ಅಧಿಕಾರಿಯನ್ನು ಕೇಳಿದೆ. ಕೆಟ್ಟವನಲ್ಲ, ಹೊಸ ಹುಡುಗ. ಕಪಾಟಿನಿಂದ ಆ ವರ್ಷಗಳ ಪುಸ್ತಕ ತೆಗೆಸಿ, ಪುಟ ಮಗುಚಿ, ಮತ್ತೆ ಮಗುಚಿ ನೋಡಿದ.

"ಅಲ್ರೀ, ಇವರ ಕಾಲದಾಗ ಇಲ್ಲಿ ಏನೂ ನಡದ ಇಲ್ಲಲ್ಲ. ಏನ್ ಮಾಡ್ಯಾರ ಇವ್ರು?"

ಸಾಹೇಬರ ಮೇಲೆ ಅಷ್ಟು ವರ್ಷ ಕಾಸಿಕೊಂಡು ಬಂದಿದ್ದ ಸಿಟ್ಟು ಆಗ ನನ್ನ ಕಡೆಯೇ ತಿರುಗಿತು. ಅವರು ಬೇಡವೆಂದರೆ ನನ್ನ ಕೈಯನ್ನೇನು ಕಟ್ಟಿಹಾಕಿದ್ದರೇ?

"ಬರಿಯೂ ಕೆಲಸ ನಂದಿತ್ರಿ" ಎಂದೆ. "ನಾ ಬರೀಲಿಲ್ಲ."