ಕಿತ್ತು ಬಾರದ ಹದಿನೇಳು ಮನೆಗಳು

ಬೆಳಗಿನ ಐದೂಕಾಲು. ರಾವೂರ ಸಮೀಪದ ಗಣಿಯಂಚಿನ ಓಣಿಯಲ್ಲಿ ಸಾಬಮ್ಮ ಮಾಡೆಲ್‌ಗೆ ಅಂಟಿಸುವ ಉಗುರಿನಷ್ಟಗಲದ ಪ್ಲಾಸ್ಟಿಕ್ ಮನೆಯೊಂದನ್ನು ಚಿಮಟದಲ್ಲಿ ಹಿಡಿದು, ಅದರ ತಳದ ಬಣ್ಣವನ್ನು ಬ್ಲೇಡಿನಿಂದ ಹೆರೆಯುತ್ತಿದ್ದಾರೆ. ನಿನ್ನೆಯಷ್ಟೇ ಬಳಿದ ಚೆಂದದ ಬಣ್ಣ. ಯಾಕೆ ಹಾಳು ಮಾಡುತ್ತೀರಿ ಎಂದು, ಅವರ ಬಗ್ಗೆ ಬರೆಯಲು ಬಂದ ನಾನು ಕೇಳಿದರೆ ತಲೆ ಎತ್ತುವುದಿಲ್ಲ. ಲಾರಿಗಳು ಶುರುವಾದರೆ ಗಣಿಯ ಧೂಳು ಹಸಿ ಗೋಂದಿನ ಮೇಲೆ ಕೂರುತ್ತದೆ, ಆ ದಿನದ ಕೆಲಸ ಕೆಟ್ಟಂತೆ.

"ಬಣ್ಣದ ಮ್ಯಾಲ ಹಚ್ಚಿದ್ರ ಗೋಂದು ಬಣ್ಣಾನ ಹಿಡೀತದ್ರಿ, ಮನಿ ಹಿಡಿಯಂಗಿಲ್ಲ," ಎನ್ನುತ್ತಾರೆ ಕೊನೆಗೆ. "ಉಗುರು ತಾಗಿದ್ರೂ ಉದುರ್ತದ. ಹೆರದು ಹಚ್ಚಿದ್ರ ಪ್ಲಾಸ್ಟಿಕ್ಕ ಕರಗಿ ಕೂಡ್ತದ. ಆಮ್ಯಾಲ ಎರಡಲ್ಲ, ಒಂದ."

ನಲವತ್ತಾರರ ಸಾಬಮ್ಮ ಓದಿದ್ದು ಏಳನೆಯ ತರಗತಿ. ಕಾರ್ಖಾನೆಯೊಂದರ ತರಬೇತಿ ಕೋಣೆಯ ಕಸ ಗುಡಿಸುತ್ತಿದ್ದಾಗ ಅಲ್ಲಿಟ್ಟಿದ್ದ ಕಾರ್ಖಾನೆಯ ಪುಟ್ಟ ಮಾಡೆಲ್‌ನ ಚಿಮಣಿ ತಾನಾಗಿಯೇ ಮುರಿದು ಬಿತ್ತು. ತಪ್ಪು ಇವರ ತಲೆಗೆ ಬಂತು. ಮನೆಗೆ ಒಯ್ದು, ಎರಡು ಸಲ ಕೆಡಿಸಿ, ಮೂರನೆಯ ಸಲ ಬಣ್ಣ ಹೆರೆದು ಅಂಟಿಸಿದರು. ಹನ್ನೊಂದು ವರ್ಷವಾಯಿತು, ಚಿಮಣಿ ಅಲುಗಿಲ್ಲ. ಈಗ ಸೇಡಂ, ಶಹಾಬಾದಿನ ಕಾಲೇಜುಗಳಿಗೂ ಇವರ ಮಾಡೆಲ್‌ಗಳು ಹೋಗುತ್ತವೆ. ದಿನಕ್ಕೆ ನಲವತ್ತು ತುಂಡು, ಸಂಜೆಗೆ ಕಣ್ಣುರಿ, ಗೋಂದಿನ ವಾಸನೆಗೆ ತಲೆಶೂಲೆ. ಮಾಡೆಲ್ ಇಡುವ ಗಾಜಿನ ಪೆಟ್ಟಿಗೆಯ ಮೇಲೆ ಮಾತ್ರ ಕೆಲಸ ತಂದುಕೊಡುವ ಕಾಂಟ್ರಾಕ್ಟರನ ಹೆಸರು. ನನಗೆ ಸಿಟ್ಟು ಬಂತು. ಅವರಿಗೆ ಇಲ್ಲ, ಅವರ ಸಿಟ್ಟು ಬೇರೆ ಕಡೆ ಇದೆ.

ನಾಳಿದ್ದು ಗಣಿ ವಿಸ್ತರಣೆಯ ಬಗ್ಗೆ ಜನರ ಅಹವಾಲು ಕೇಳುವ ಸಭೆ. ಅಲ್ಲಿ ಇಡಲು ಮಾಡೆಲ್ ಮಾಡಿಕೊಡಿ ಎಂದು ಕಾಂಟ್ರಾಕ್ಟರ್ ಕೊಟ್ಟ ನಕ್ಷೆಯಲ್ಲಿ ಕಾರ್ಖಾನೆಯಿದೆ, ರೈಲು ಹಳಿಯಿದೆ, ಇನ್ನೂ ನೆಡದ ಗಿಡಗಳೂ ಇವೆ. ಸಾಬಮ್ಮನ ಓಣಿಯ ಜಾಗದಲ್ಲಿ ಮಾತ್ರ ಬರೀ ಕಂದು ಬಣ್ಣ. ಬಯಲನ್ನು ಅಗೆದರೆ ಯಾರದೇನು ತಕರಾರು? ಸಾಬಮ್ಮ ಆ ಬಯಲಿನ ಬಣ್ಣವನ್ನೂ ಹೆರೆದರು. ಓಣಿಯ ಹದಿನೇಳೂ ಮನೆಗಳನ್ನು ಮಾಡಿ, ಪರಸಿ ಹಾಸುಗಲ್ಲಿನ ಚಾವಣಿಯಂತೆ ಕಾಣಲು ಬೂದು ಬಳಿದು, ಒಂದೊಂದಾಗಿ ಅಂಟಿಸಿದರು. ಇವತ್ತಿನದು ಹದಿನೇಳನೆಯದು, ಅವರದೇ ಮನೆ.

ಏಳು ಗಂಟೆಗೆ ಕಾಂಟ್ರಾಕ್ಟರನ ಕಡೆಯ ಮಲ್ಲು ಜೀಪು ತಂದು, ಮಾಡೆಲ್ ನೋಡಿ ಬೆಪ್ಪಾಗಿ ನಿಲ್ಲುತ್ತಾನೆ. ಸಾಹೇಬರಿಗೆ ಫೋನು ಹಚ್ಚುತ್ತಾನೆ. ಕಿತ್ತು ಹಾಕು ಎಂಬ ಅಪ್ಪಣೆ ನಮಗೂ ಕೇಳಿಸುತ್ತದೆ. ಪಾಪದವನು, "ತಪ್ಪು ತಿಳಕೋಬ್ಯಾಡ್ರಿ ಅಕ್ಕಾ" ಎನ್ನುತ್ತಲೇ ಮೊದಲ ಮನೆಯ ಕೆಳಗೆ ಬ್ಲೇಡು ತೂರಿಸುತ್ತಾನೆ. ಮನೆ ಬರುವುದಿಲ್ಲ. ಅಡಿಯ ಪ್ಲಾಸ್ಟಿಕ್ ಹಲಗೆಯೇ ಗೇಣುದ್ದ ಸೀಳುತ್ತದೆ. ಹದಿನೇಳನೆಯದರ ಗೋಂದು ಇನ್ನೂ ಹಸಿ, ಅದಕ್ಕೆ ಕೈ ಹಾಕಿದ್ದರೆ ಸಲೀಸಾಗಿ ಬರುತ್ತಿತ್ತು. ಸಾಬಮ್ಮ ಉಸಿರೆತ್ತುವುದಿಲ್ಲ. ನಾನೂ ಎತ್ತಲಿಲ್ಲ.

ಇನ್ನು ಮುಂದೆ ಒಂದು ಕೆಲಸವೂ ಸಿಗುವುದಿಲ್ಲ ಎಂದು ಫೋನು ಕೂಗುತ್ತದೆ. ಸಾಬಮ್ಮ ಅದನ್ನು ಮಲ್ಲುವಿನ ಕೈಯಿಂದ ಇಸಿದುಕೊಳ್ಳುತ್ತಾರೆ.

"ಕೆಲಸ ಕೊಡಬ್ಯಾಡ್ರಿ. ಮನಿ ಕೀಳಬೇಕಂದ್ರ ನೆಲ ಒಡೀಬೇಕು. ನೀವ ಬಂದು ಒಡೀರಿ, ನಾ ಇಲ್ಲೇ ಕುಂತಿರ್ತೀನಿ."

ಎರಡು ದಿನದಲ್ಲಿ ಇನ್ನೊಂದು ಮಾಡೆಲ್ ಮಾಡುವವರು ಈ ಸೀಮೆಯಲ್ಲಿ ಯಾರೂ ಇಲ್ಲ. ಅದು ಕಾಂಟ್ರಾಕ್ಟರನಿಗೂ ಗೊತ್ತು. ಫೋನನ್ನು ಮಲ್ಲುವಿಗೆ ಕೊಡಿಸಿ, ಇದ್ದ ಹಾಗೇ ತಗೊಂಡು ಬಾ ಎನ್ನುತ್ತಾನೆ. ಮಲ್ಲು ಗಾಜಿನ ಪೆಟ್ಟಿಗೆ ಮುಚ್ಚಿ ಜೀಪಿಗೆ ಏರಿಸುತ್ತಾನೆ.

ಜೀಪು ಹೋದ ಮೇಲೆ ಸಾಬಮ್ಮ ಚಹಾಕ್ಕೆ ನೀರಿಡುತ್ತಾರೆ. ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಬರಬೇಕಲ್ಲವೇ ಎಂದು ನಾನು ಮತ್ತೆ ಕೆದಕುತ್ತೇನೆ.

"ನನ್ ಹೆಸರು ಯಾಕ್ರಿ? ಸಭಾದಾಗ ಮುಂದಿನ ಸಾಲಿನಾಗ ಕುಂದರ್ತೀನಿ. ಇವು ಯಾರ ಮನಿ ಅಂತ ಯಾರರೆ ಒಬ್ಬರು ಕೇಳಲಿ, ಅಷ್ಟ. ಎದ್ದು ನಿಂತು ಹದಿನೇಳೂ ಹೆಸರು ಹೇಳ್ತೀನಿ."