ಕಾದಂಬರಿಯ ಖಳನಾಯಕ ನಾನೇ!

ಫ್ರೆಂಡ್ಸ್, ನನ್ನ ಮದುವೆಗೆ ಉಡುಗೊರೆ ಬಂದಿದ್ದ ಹಳೆಯ ರಾಜಕೀಯ ಕಾದಂಬರಿ ಇವತ್ತು ಎರಡು ತುಂಡಾಯಿತು! ಪಂಚಾಯಿತಿಯ ಮಾಜಿ ಸದಸ್ಯರಾದ ನಮ್ಮ ಮಾವ ಅದನ್ನೋದಿ ಬೆಚ್ಚಿಬಿದ್ದರು.

"ಪಕ್ಷದಿಂದ ಪಕ್ಷಕ್ಕ ಹಾರೋ ಈ ಮುಖಂಡ ನಾನs ಅಲ್ಲೇನವ್ವಾ? ಬರದೋರಿಗೆ ಯಾರು ಹೇಳಿದ್ರು?"

"ಮಾವ, ಇದು ನೀವು ಹುಟ್ಟೋ ಮೊದಲೇ ಬರೆದದ್ದು!"

ಚಹಾಕ್ಕೆ ಬಂದಿದ್ದ ಅವರ ಎದುರಾಳಿ ಹನುಮಂತಪ್ಪ ಕಾಕಾ ಪುಸ್ತಕ ಇಣುಕಿ ಸಿಟ್ಟಾದರು. "ಲೇ, ಇವ ನಾನಲೇ! ನೀ ಹಾರಿದ್ದು ಒಂದs ಸಲ."

"ಬಿಡಲೇ, ಇವ ನಾನು!"

ಎಳೆದಾಟದಲ್ಲಿ ಹರಿದ ಕೊನೆಯರ್ಧವನ್ನು ಕಾಕಾ ಮನೆಗೆ ಒಯ್ದರು. ನಾನಿನ್ನೂ ಅರ್ಧವೇ ಓದಿದ್ದೆ! "ಕೊನೆಗೆ ಆ ಮುಖಂಡ ಗೆಲ್ತಾನಾ?" ಎಂದು ನನ್ನ ಮುದ್ದು ಗಂಡನನ್ನು ಕೇಳಿದೆ.

"ಇಬ್ಬರೂ ಈ ಸಲ ಪಂಚಾಯ್ತಿ ಚುನಾವಣೆಗೆ ನಿಂತಾರ. ಯಾರು ಸೋತ್ರೂ ಆ ಮುಖಂಡನs ಗೆಲ್ತಾನ, ಬಿಡು."