ಮೂಗ ವಿಮಾನ ಮತ್ತು ಅಪ್ಪನ ಎರಡು ಪಂಚೆ

ಆಗೆಲ್ಲ ನಮ್ಮೂರಿನಲ್ಲಿ ತಾರಸಿ ಮನೆಗಳಿರಲಿಲ್ಲ. ಹೆಂಚಿನ ಮೇಲೆ ಸಂಡಿಗೆ ಹಾಕಲಾದೀತೇ? ಆದರೆ ದೇವರು ಒಂದು ಕಡೆ ಕಡಿಮೆ ಮಾಡಿದರೆ ಇನ್ನೊಂದು ಕಡೆ ಕೊಡುತ್ತಾನೆ. ಮಂಡಿಕಲ್ಲಿಗೆ ಹೋಗುವ ದಾರಿಯಲ್ಲಿ ಗ್ಲೈಡರ್ ಹಾರಿಸುವ ಪುಟ್ಟ ಮೈದಾನವಿತ್ತು. ಇಂಜಿನ್ನೇ ಇಲ್ಲದ ವಿಮಾನಕ್ಕೆ ಹಗ್ಗ ಕಟ್ಟಿ ಎಳೆದು, ಗಾಳಿಪಟದ ಹಾಗೆ ಮೇಲೇರಿಸುತ್ತಿದ್ದರು. ಸದ್ದಿಲ್ಲದ ಅದನ್ನು ನಾವು ಮೂಗ ವಿಮಾನ ಎನ್ನುತ್ತಿದ್ದೆವು.

ಕಾವಲಿನ ಮುನಿಯಪ್ಪಣ್ಣ ಗಾಳಿ ನೋಡಿಕೊಂಡು, ಒಂದು ಉದ್ದನೆಯ ಬಿಳಿ ಬಟ್ಟೆ ಹಾಸಿ, ಅದರ ತುದಿಗೆ ಇನ್ನೊಂದನ್ನು ಅಡ್ಡ ಹಾಸುತ್ತಿದ್ದ. ಇಲ್ಲೇ ಇಳಿಯಿರಿ ಎಂದು ಮೇಲಿದ್ದವರಿಗೆ ಅದೇ ಗುರುತು. ಗಾಳಿ ತಿರುಗಿದರೆ ಗುರುತೂ ಜಾಗ ಬದಲಿಸಬೇಕು. ಅಂಚಿನಲ್ಲಿ ನಾವು ಸಂಡಿಗೆ ಒಣಗಿಸಿದರೆ ಪಾಪ, ಬೇಡ ಎನ್ನುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಅಕ್ಕನ ಮದುವೆ. ಅಕ್ಕಿ ಸಿಗುವುದೇ ಕಷ್ಟವಾಗಿದ್ದ ಕಾಲ. ಹಿಡಿಹಿಡಿಯಾಗಿ ಉಳಿಸಿದ ಅಕ್ಕಿಗೆ ಅಮ್ಮ ಜೀರಿಗೆ, ಹಸಿಮೆಣಸಿನಕಾಯಿ, ಇಂಗು ಸೇರಿಸಿ ಸಂಡಿಗೆ ಹಿಟ್ಟು ಬೇಯಿಸಿದ್ದಳು. ಮೈದಾನದ ಅಂಚಿನಲ್ಲಿ ಅಪ್ಪನ ಒಂದು ಪಂಚೆ ಹಾಸಿ, ಅದು ಸಾಲದೆ ಇನ್ನೊಂದನ್ನು ತುದಿಗೆ ಅಡ್ಡ ಹಾಸಿದಳು.

"ಕಾಗೆ ಮುಟ್ಟಿದ್ರೆ ಬೀಗರ ಮುಂದೆ ಮರ್ಯಾದೆ ಹೋಗತ್ತೆ ಕಣೇ" ಎಂದು ನನ್ನ ಕೈಗೊಂದು ಕೋಲು ಕೊಟ್ಟು, ಬೇಲಿ ಪಕ್ಕ ಸೊಪ್ಪು ಕೀಳಲು ಹೋದಳು.

ಗಾಳಿ ತಿರುಗಿತು. ಮುನಿಯಪ್ಪಣ್ಣ ತನ್ನ ಗುರುತಿನ ಬಟ್ಟೆ ಸುತ್ತಿಕೊಂಡು ಮೈದಾನದ ಆ ತುದಿಗೆ ಹೊರಟ. ಇದ್ದಕ್ಕಿದ್ದಂತೆ ಕಾಗೆಗಳೆಲ್ಲ ಹಾರಿಹೋದವು. ನನ್ನ ಕೋಲಿಗೇ ಹೆದರಿದವೆಂದು ಹಿಗ್ಗಿ ತಿರುಗಿದರೆ ಮೂಗ ವಿಮಾನ! ಆಗಲೇ ನೆಲಕ್ಕಿಳಿದು ಸಂಡಿಗೆಯ ಕಡೆಗೇ ಉರುಳಿ ಬರುತ್ತಿತ್ತು. ನಾನು ಪಂಚೆಯ ಮುಂದೆ ನಿಂತು ಕೋಲು ಬೀಸಿದೆ. "ಹುಶ್! ಹೋಗ್! ಹುಶ್!"

ಒಂದು ಮಾರು ದೂರದಲ್ಲಿ ಅದು ನಿಂತು, ಸುಸ್ತಾದ ಹಕ್ಕಿಯಂತೆ ಒಂದು ರೆಕ್ಕೆಯನ್ನು ನೆಲಕ್ಕೊರಗಿಸಿತು.

ಅಮ್ಮ ಓಡಿ ಬಂದು ನನ್ನನ್ನು ಬಾಚಿ ತಬ್ಬಿಕೊಂಡಳು. ಆಮೇಲೆ, ವಿಮಾನದಿಂದ ಕೆಳಗಿಳಿದ ಹುಡುಗನತ್ತ ತಿರುಗಿದಳು.

"ಕಣ್ಣು ಎಲ್ಲಪ್ಪಾ ಇಟ್ಟಿದ್ದೆ?"

"ನಿಮ್ಮ ಪಂಚೆ ಮೇಲೇ ಅಮ್ಮ. ಇಳಿಯೋ ಗುರುತು ಅಂದ್ಕೊಂಡೆ." ಅವನು ಇನ್ನೂ ವಿಮಾನದ ಅಂಚನ್ನು ಬಿಗಿಯಾಗಿ ಹಿಡಿದೇ ನಿಂತಿದ್ದ.

ಅಮ್ಮ ಅದನ್ನು ಕಂಡಳು. "ಸದ್ಯ, ಆಂಜನೇಯ ಇಬ್ಬರನ್ನೂ ಉಳಿಸ್ದ. ಕೂತ್ಕೋ. ಅರೆ ಒಣಗಿರೋ ಸಂಡಿಗೆ ತಿಂತೀಯಾ?"

"ಅದು ಅಕ್ಕನ ಮದುವೇದು!" ನನಗೆ ಅಳುವೇ ಬಂತು.

"ಆಕಾಶದಿಂದ ಬಂದಿದಾನೆ, ಅವನೂ ಬೀಗನೇ ಅಂದ್ಕೋ."

ಬೀಗ ನಾಚದೆ ತಿಂದ. ಮದುವೆಗೂ ಸಾಕಾಯಿತು.

ಈಗ ಆ ಮೈದಾನವೂ ಇಲ್ಲ, ಅಮ್ಮನೂ ಇಲ್ಲ. ನನಗೆ ಒಳ್ಳೆಯ ತಾರಸಿ ಇದೆ, ದೇವರು ಕೊಟ್ಟಿದ್ದಾನೆ. ಬೇಸಿಗೆಯಲ್ಲಿ ಸಂಡಿಗೆ ಹಾಕುವಾಗ ಒಂದೇ ಪಂಚೆ ಸಾಕಾದರೂ ಇನ್ನೊಂದನ್ನು ತುದಿಗೆ ಅಡ್ಡ ಹಾಸುತ್ತೇನೆ. ಇಳಿಯುವುದು ಕಾಗೆಗಳು ಮಾತ್ರ.